ಒನ್ಸ್ ಮೋರ್ ಎಂದದ್ದಕ್ಕೆ

ಪರದೆಯ ಮೇಲಿನ ಹೆಣ್ಣುಮಗಳಿಗೆ ನನ್ನ ಕೂಗು ಕೇಳಿಸುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಐದನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಒಪ್ಪುತ್ತೇನೆ. ಆದರೆ ಸಿನಿಮಾಕ್ಕೂ ಕಣ್ಣೆದುರಿನ ಆಟಕ್ಕೂ ಫರಕು ತಿಳಿಯದಷ್ಟು ದಡ್ಡನಲ್ಲ. ಆಕೆಗೆ ಕೇಳಲಿ ಎಂದು ಕೂಗಲಿಲ್ಲ. ಒಳಗೆ ಹಿಡಿಸಲಿಲ್ಲ, ಹೊರಗೆ ಬಂತು. ಅಷ್ಟಕ್ಕೆ ಚಿತ್ರ ನಿಲ್ಲಿಸಿ, ಲೈಟು ಹಚ್ಚಿ, ತುಂಬಿದ ಕೋಣೆಯ ಮುಂದೆ ನನ್ನನ್ನು ಕಳ್ಳನ ಹಾಗೆ ಎಬ್ಬಿಸಿ ನಿಲ್ಲಿಸಿದ್ದು ಯಾವ ನ್ಯಾಯ? ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಳಿಯಲಿ ಎಂದು ನಾನು ಹರಕೆಯನ್ನೂ ಹೊತ್ತಿಲ್ಲ.

ನನ್ನದು ವಿಜಯಪುರದ ಜೋರಾಪುರ ಪೇಟೆಯಲ್ಲಿ ವೆಲ್ಡಿಂಗ್ ಅಂಗಡಿ. ಹುಟ್ಟಿದ್ದು ಬಬಲೇಶ್ವರದ ಕಡೆ. ಗೇಟು, ಗ್ರಿಲ್ಲು, ಕಿಟಕಿಯ ಚೌಕಟ್ಟು ಮಾಡುತ್ತೇನೆ. ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಿಗೆ ಕಬ್ಬಿಣದ ಕಂಬ, ಒಣದ್ರಾಕ್ಷಿ ಶೆಡ್ಡಿಗೆ ಅಟ್ಟಣಿಗೆ ಮಾಡುತ್ತೇನೆ. ಯಾರ ಮುಂದೆಯೂ ಕೈ ಚಾಚಿದವನಲ್ಲ. ಯಾರ ಗೇಟೂ ನನ್ನ ಕೈಯಿಂದ ಹೋಗಿ ಜೋತುಬಿದ್ದ ದಾಖಲೆ ಇಲ್ಲ. ಇದನ್ನು ಬಡಾಯಿ ಎನ್ನುವವರು ಎನ್ನಲಿ.

ನಮ್ಮ ನಗರದಲ್ಲಿ ಕಲೆ, ಸಿನಿಮಾ ಎಂದು ಪ್ರೀತಿ ಇಟ್ಟುಕೊಂಡವರ ಒಂದು ಸಂಘವಿದೆ. ಭಾನುವಾರ ಮುಂಜಾನೆ ಒಂದು ಮಹಡಿಯ ಕೋಣೆಯಲ್ಲಿ ಬೇರೆ ಬೇರೆ ದೇಶದ ಚಿತ್ರ ತೋರಿಸುತ್ತಾರೆ. ಅವರ ಪರದೆಯ ಚೌಕಟ್ಟು ನಾನೇ ಮಾಡಿಕೊಟ್ಟದ್ದು. ನೆಲ ಸಮ ಇಲ್ಲದೆ ಅದರ ಒಂದು ಕಾಲು ಅಲುಗಾಡುತ್ತದೆ ಎಂದು ಸಂಘದ ಕಾರ್ಯದರ್ಶಿ ಫೋನು ಮಾಡಿದ್ದರು. ಅವರು ನಿವೃತ್ತ ಅಧಿಕಾರಿ, ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಆ ಭಾನುವಾರ ಹೋಗಿ ಕಾಲಿನ ಕೆಳಗೆ ಪಟ್ಟಿ ಕೊಟ್ಟು ಬೋಲ್ಟು ಬಿಗಿ ಮಾಡುವಷ್ಟರಲ್ಲಿ ಜನ ಬಂದು ಕುಳಿತರು, ಕಿಟಕಿಗೆ ಪರದೆ ಎಳೆದರು, ಕಾರ್ಯದರ್ಶಿ ಎದ್ದು ನಿಂತು ಮಾತು ಶುರು ಮಾಡಿದರು. ನಾನು ಹಿಂದಿನ ಗೋಡೆಗೆ ಆತು ನನ್ನ ಸಾಮಾನಿನ ಪೆಟ್ಟಿಗೆಯ ಮೇಲೆ ಕುಳಿತೆ. ಚೌಕಟ್ಟು ಅಲುಗುತ್ತದೋ ಇಲ್ಲವೋ ನೋಡಿ ಎದ್ದು ಹೋಗಬೇಕು ಎಂದು.

ಕಾರ್ಯದರ್ಶಿ ಹೇಳಿದ್ದು ಇಷ್ಟು: ಇವತ್ತಿನದು ಇಟಲಿಯ ಆಪೆರಾ, ಅಂದರೆ ಮಾತಿನ ಬದಲು ಹಾಡಿನಲ್ಲೇ ನಡೆಯುವ ನಾಟಕ. ಅಲ್ಲಿನ ರಂಗಮಂದಿರದಲ್ಲಿ ಜನರ ಮುಂದೆ ಆಡುವಾಗಲೇ ಕ್ಯಾಮೆರಾ ಇಟ್ಟು ತೆಗೆದ ಚಿತ್ರ. ಬರೆದವನು ಹೆಸರುವಾಸಿಯಲ್ಲ. ಅವನ ಊರಿನವರೇ ಅವನನ್ನು ಮರೆತು, ಈಚೆಗೆ ಹುಡುಕಿ ತೆಗೆದು ಆಡಿದ್ದಾರೆ. ಅರ್ಧ ಇವತ್ತು, ಉಳಿದರ್ಧ ಮುಂದಿನ ಭಾನುವಾರ.

ಕಥೆಯನ್ನೂ ಅವರೇ ಕನ್ನಡದಲ್ಲಿ ಬಿಡಿಸಿದರು. ಪರದೆಯ ಕೆಳಗೆ ಓಡುತ್ತಿದ್ದ ಇಂಗ್ಲಿಷ್ ಅಕ್ಷರ ನನಗೆ ಸಿಗುವಂಥವಲ್ಲ. ಸಮುದ್ರದ ದಂಡೆಯ ಊರು, ಉಪ್ಪು ತೆಗೆಯುವವರ ಓಣಿ. ಮನೆಯಲ್ಲಿ ಹೆಂಡತಿ, ಒಂದು ಮಗು. ಹಡಗಿನ ಮೇಲೆ ದುಡಿಯಲು ಹೋದ ಗಂಡ ವರ್ಷಗಟ್ಟಲೆ ಬಿಟ್ಟು ಮನೆಗೆ ಬರುತ್ತಾನೆ. ಗೂಟಕ್ಕೆ ಯಾವನೋ ಗಂಡಸಿನ ಕೋಟು ನೇತಾಡುತ್ತಿದೆ. ಅದು ಆಕೆಯ ಅಣ್ಣನದು. ಅಣ್ಣ ರಾಜನ ದಂಡು ಬಿಟ್ಟು ಓಡಿಬಂದವನು, ಸಿಕ್ಕರೆ ಗುಂಡಿಟ್ಟು ಕೊಲ್ಲುತ್ತಾರೆ. ಅವನು ಎಲ್ಲಿದ್ದಾನೆ ಎಂದು ಯಾರಿಗೂ ಬಾಯಿ ಬಿಡುವುದಿಲ್ಲ ಎಂದು ತಂಗಿ ಆಣೆ ಮಾಡಿದ್ದಾಳೆ. ಗಂಡ ಕೋಟು ನೋಡಿದ. ಆಕೆಯ ಮುಖ ನೋಡಿದ. ಹೊರಗೆ ಹೋಗಿ ಊರ ಜನರನ್ನು ಕರೆದ. "ಇದೇನು, ಹೇಳು" ಎಂದು ಆಕೆಯನ್ನು ಒಂದು ಮಾತು ಕೇಳಲಿಲ್ಲ.

ಅಲ್ಲಿಂದಲೇ ನನಗೆ ಆ ಗಂಡನ ಮೇಲೆ ಕೆಂಡದಂಥ ಸಿಟ್ಟು. ಎದ್ದು ಹೋಗಬೇಕೆಂದವನು ಕುಳಿತೇ ಬಿಟ್ಟೆ.

ಆಮೇಲೆ ಆಕೆಯ ಹಾಡು ಬಂತು. ಕೋಟನ್ನು ಮಡಿಲಲ್ಲಿ ಇಟ್ಟುಕೊಂಡು, ಹರಿದ ತೋಳಿಗೆ ಹೊಲಿಗೆ ಹಾಕುತ್ತ ಹಾಡುತ್ತಾಳೆ. ಮೊದಲು ಸಾವಕಾಶ, ತನ್ನಷ್ಟಕ್ಕೆ ತಾನು ಎಂಬಂತೆ. ನಡುವೆ ಸಿಟ್ಟು ಏರಿ ಹಾಡು ಓಡುತ್ತದೆ. ಓಡಿ ಓಡಿ ದಣಿದು ಮತ್ತೆ ಮೊದಲಿನ ಸಾಲಿಗೇ ಬರುತ್ತದೆ. ಅದೇ ಮಾತು, ಅದೇ ರಾಗ. ಆದರೆ ಮೊದಲ ಸಲ ಗಂಡನಿಗೆ ಹೇಳಿದ್ದು ಎರಡನೆಯ ಸಲ ಅಣ್ಣನಿಗೆ ಹೇಳಿದಂತಿತ್ತು. ಭಾಷೆ ತಿಳಿಯದ ನನಗೆ ಅದು ಹೇಗೆ ತಿಳಿಯಿತು ಎಂದು ಕೇಳಬೇಡಿ. ಸ್ವರ ಎಲ್ಲಿ ನಡುಗಬೇಕೋ ಅಲ್ಲಿ ನಡುಗಲಿಲ್ಲ, ನಡುಗಬಾರದ ಕಡೆ ಸ್ವಲ್ಪ ಕದಲಿತು, ಅಷ್ಟೇ. ಕೆಳಗೆ ಕುಳಿತ ವಾದ್ಯದವರಲ್ಲಿ ಒಬ್ಬನ ಕೈಯಲ್ಲಿ ನಮ್ಮ ಸನಾದಿಯಂಥ ವಾದ್ಯವಿತ್ತು. ಆಕೆ ಸಾಲು ಮುಗಿಸಿ ಬಾಯಿ ಮುಚ್ಚಿದ ಕೂಡಲೇ ಅದು ಆಕೆಯ ಬಾಲ ಹಿಡಿದು ಒಂದು ಮಾತು ಆಡುತ್ತಿತ್ತು. ಆಕೆ ಹೇಳಲಾರದ್ದನ್ನು ಅದು ಹೇಳುತ್ತಿತ್ತು. ಸಣ್ಣಾಟದಲ್ಲಿ ಹಿಮ್ಮೇಳದವರು ಪಾತ್ರದ ಕೊನೆಯ ಮಾತು ಎತ್ತಿಕೊಂಡು ಹಾಡುತ್ತಾರಲ್ಲ, ಹಾಗೆ.

ಕ್ಯಾಮೆರಾದವನೂ ಪುಣ್ಯವಂತ. ಆಕೆಯ ಮುಖದ ಹತ್ತಿರ ಹೋಗಿ ನಿಂತುಬಿಟ್ಟಿದ್ದ. ಹಣೆಯ ಬೆವರಿಗೆ ಬಣ್ಣ ಒಡೆದದ್ದು, ಕುತ್ತಿಗೆಯ ನರ ಉಬ್ಬಿದ್ದು, ಎಲ್ಲ ಕಂಡಿತು. ಉಸಿರು ಎಲ್ಲಿ ತೆಗೆದುಕೊಂಡಳು ಎಂಬುದು ಮಾತ್ರ ಕಾಣಲಿಲ್ಲ. ಒಳ್ಳೆಯ ವೆಲ್ಡಿಂಗಿನಲ್ಲಿ ಜೋಡು ಎಲ್ಲಿದೆ ಎಂದು ಕಾಣಬಾರದು, ಹಾಗೆ. ಅಲ್ಲಿ ಟಿಕೆಟು ತೆಗೆದು ಕುಳಿತವರಿಗೂ ಇಷ್ಟು ಹತ್ತಿರದಿಂದ ಸಿಕ್ಕಿರಲಾರದು.

ಹಾಡು ಮುಗಿಯಿತು. "ಒನ್ಸ್ ಮೋರ್!" ಎಂದೆ.

ಇದು ನಮ್ಮ ಕಡೆಯವರ ನಾಲಿಗೆಯ ಮೇಲೆ ಕುಳಿತ ಮಾತು. ಇಂಗ್ಲಿಷಿನಲ್ಲಿ ನಮ್ಮಪ್ಪನಿಗೆ ಬರುತ್ತಿದ್ದದ್ದು ಇದೊಂದೇ. ಕಂಪನಿ ನಾಟಕದವರು ಬಬಲೇಶ್ವರಕ್ಕೆ ಬಂದು ತಗಡಿನ ಥಿಯೇಟರು ಕಟ್ಟಿದರೆ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. ಕಾಖಂಡಕಿಯಲ್ಲಿ ಸಣ್ಣಾಟ ಎಂದರೆ ಅಲ್ಲಿಗೂ ನಡೆದೇ ಹೋಗುವುದು. ಹಾಡು ರಂಗೇರಿದರೆ ಒನ್ಸ್ ಮೋರ್ ಬೀಳಲೇಬೇಕು. ವಿಷ ಕುಡಿದು ಸತ್ತ ನಾಯಕ ಒನ್ಸ್ ಮೋರ್ ಕೇಳಿ ಎದ್ದು ಕುಳಿತು, ಧೋತರ ಸರಿಮಾಡಿಕೊಂಡು, ಅದೇ ಹಾಡು ಇನ್ನೊಮ್ಮೆ ಹಾಡಿ, ಮತ್ತೆ ಸತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾರೂ ನಗಲಿಲ್ಲ. ಎರಡನೆಯ ಸಾವಿಗೆ ಜನ ಹೆಚ್ಚು ಅತ್ತರು. ಒನ್ಸ್ ಮೋರ್ ಎನ್ನದೆ ಎದ್ದು ಹೋದರೆ ಹಾಡಿದವನಿಗೆ ಅಪಮಾನ. ಊಟ ಬಡಿಸಿದವಳಿಗೆ ಸಾಕು ಎಂದೂ ಹೇಳದೆ, ಇನ್ನಷ್ಟು ಎಂದೂ ಹೇಳದೆ ಎದ್ದ ಹಾಗೆ.

ಕಾರ್ಯದರ್ಶಿ ಚಿತ್ರ ನಿಲ್ಲಿಸಿದರು. ಲೈಟು ಹತ್ತಿತು. ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು.

"ಯಾರ್ರೀ ಅವರು? ಎದ್ದ ನಿಂದರ್ರಿ. ಏನ್ ಒದರಾಕತ್ತೀರಿ? ಇದೇನು ಬಯಲಾಟ ಅಂತ ತಿಳದೀರೇನು?"

"ಸರ, ಹಾಡು ಭಾಳ ಛಲೋ ಇತ್ತರಿ. ಅದಕ್ಕ ಅಂದೆ."

ಮುಂದಿನ ಸಾಲಿನ ಒಬ್ಬ ಕನ್ನಡಕದವನು, "ಆಕೀ ಇಟಲಿಯಿಂದ ಹೊಳ್ಳಿ ಬರಬೇಕಲ್ರಿ ಯಜಮಾನ್ರ, ಸ್ವಲ್ಪ ತಡ ಆಗ್ತೈತಿ" ಎಂದ. ಕೋಣೆಯೆಲ್ಲ ನಕ್ಕಿತು. ಅದನ್ನಾದರೂ ನಾನು ತಡೆದುಕೊಳ್ಳುತ್ತಿದ್ದೆ. ಚೇಷ್ಟೆ ನಮಗೇನು ಹೊಸದೇ.

ಕಾರ್ಯದರ್ಶಿ ನಗಲಿಲ್ಲ. "ಛಲೋ ಇದ್ರ ಮನಸ್ನ್ಯಾಗ ಇಟ್ಕೋಬೇಕ್ರಿ. ಇದಕ್ಕೊಂದು ಶಿಸ್ತು ಇರ್ತೈತಿ. ಇಂಥಾದ್ದು ಎಲ್ಲಾರಿಗೂ ಅಲ್ರಿ. ನಿಮ್ಮ ಕೆಲಸ ಮುಗೀತಿಲ್ಲೋ? ಹೊಂಡ್ರಿ ಇನ್ನ."

ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲು ಇಳಿದೆ. ಮೇಲೆ ಮತ್ತೆ ಹಾಡು ಶುರುವಾಯಿತು. ಊರ ಪಂಚರು ಕೂಡುತ್ತಿದ್ದರೋ ಏನೋ, ಗಂಡಸರ ದನಿಗಳು ಒಂದರ ಮೇಲೊಂದು ಏರುತ್ತಿದ್ದವು. ನಾನು ಕೆಳಗೆ ಬೈಕಿನ ಹತ್ತಿರ ನಿಂತು ಕೇಳಿದೆ. ಯಾರ ಹಾಡನ್ನು ಯಾರು ಯಾರಿಗೆ ಅಲ್ಲ ಎನ್ನುವುದು? ಅಲ್ಲಿ ಕೋಟು ಹೊಲಿಯುತ್ತ ಕುಳಿತವಳು ಉಪ್ಪು ತೆಗೆಯುವವನ ಮಗಳು. ಆಕೆಯ ಕೈ ನೋಡಿದರೆ ತಿಳಿಯುತ್ತಿತ್ತು ಆಕೆ ಯಾರ ಪೈಕಿ ಎಂದು. ಇಸ್ತ್ರಿ ಅಂಗಿಯವರ ಪೈಕಿ ಅಂತೂ ಅಲ್ಲ.

ಮರುದಿನ ಅಂಗಡಿ ತೆರೆಯುವುದೇ ತಡ, ಪಕ್ಕದ ಗಾದಿ ಅಂಗಡಿಯ ಚಾಚಾ ಹತ್ತಿ ಕೊಡವುತ್ತಲೇ ಶುರು ಮಾಡಿದ. ಅವನ ಮನೆತನ ಪೇಟೆಯಲ್ಲಿ ನನ್ನ ಅಂಗಡಿಗಿಂತ ಹಳೆಯದು, ನಾಲಿಗೆ ಅದಕ್ಕಿಂತ ಹಳೆಯದು.

"ಕ್ಯಾ ತಮ್ಮಾ! ಇಟಲಿ ಹೆಣ್ಮಗಳಿಗೆ ಒನ್ಸ್ ಮೋರ್ ಅಂದ್ಯಂತಲ್ಲೋ? ಪಾಸಪೋರ್ಟ್ ಐತೇನ್ ನಿನ್ನ ಕಡೆ?"

"ನಿನಗ್ಯಾರ್ ಹೇಳಿದ್ರು ಚಾಚಾ?"

"ಪ್ಯಾಟ್ಯಾಗ ಸುದ್ದಿಗೆ ಕಾಲು ಬೇಕಾಗಂಗಿಲ್ಲ, ಬಾಯಿದ್ರ ಸಾಕು. ಹೊರಗ ಹಾಕಿದ್ರಂತ?"

"ಹಾಕಲಿಲ್ಲ. ಹೊಂಡ್ರಿ ಅಂದ್ರು."

"ಹೋ! ರೀ ಹಚ್ಚಿ ಹೊರಗ ಹಾಕ್ಯಾರ. ಇಜ್ಜತ್ ಉಳೀತು ಬಿಡು."

ನಗು ಬರಬೇಕಿತ್ತು, ಬರಲಿಲ್ಲ. ಅಂದು ಮಾಡಿದ ಕಿಟಕಿಯ ಜೋಡುಗಳನ್ನು ಮತ್ತೊಮ್ಮೆ ತಿಕ್ಕಿ ಮಾಡಬೇಕಾಯಿತು. ಕೈ ಹೋಲ್ಡರಿನ ಮೇಲೆ, ಮನಸ್ಸು ಪಂಚರ ಮುಂದೆ ನಿಂತ ಆ ಹೆಣ್ಣುಮಗಳ ಮೇಲೆ. ಆಕೆ ಬಾಯಿ ಬಿಟ್ಟಳೋ ಇಲ್ಲವೋ? ಅಣ್ಣ ಸಿಕ್ಕನೋ, ಆಕೆಯನ್ನು ಮನೆ ಬಿಡಿಸಿದರೋ? ಮುಂದಿನ ಭಾನುವಾರ ಅದೆಲ್ಲ ಬಿಡಿಸುವವರಿದ್ದರು, ನನ್ನನ್ನು ಬಿಟ್ಟು. ನನಗೆ ಎರಡು ಬೇಕಾಗಿದ್ದವು: ಆಕೆಯ ನ್ಯಾಯ ಏನಾಯಿತು ಎಂದು ಕಿವಿಯಾರೆ ಕೇಳಬೇಕು, ಮತ್ತು ಅದನ್ನು ಆ ಕೋಣೆಯಲ್ಲೇ ಕುಳಿತು ಕೇಳಬೇಕು. ಮೊಬೈಲಿನಲ್ಲಿ ಹುಡುಕಿದರೆ ಸಿಗುತ್ತಿತ್ತೇನೋ. ಆದರೆ ಬಾಗಿಲಿನಿಂದ ಕಳಿಸಿದ ಮನೆಗೆ ಕಿಟಕಿಯಲ್ಲಿ ಇಣುಕುವ ಪೈಕಿ ಅಲ್ಲ ನಾನು.

ಗುರುವಾರ ಕಾರ್ಯದರ್ಶಿಯವರ ಮನೆಗೆ ಹೋದೆ. ಅವರು ಅಂಗಳದಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದರು. ನನ್ನನ್ನು ನೋಡಿ ಮೊದಲು ಕೇಳಿದ್ದು, "ಚೌಕಟ್ಟು ಮತ್ತ ಅಲಗಾಡತೈತೇನು?"

"ಚೌಕಟ್ಟು ಗಟ್ಟಿ ಐತ್ರಿ. ನಾ ಅಲಗಾಡಾಕತ್ತೇನಿ. ಐತವಾರ ಉಳದ ಅರ್ಧ ನೋಡಬೇಕಾಗೈತಿ."

ಅವರಿಗೆ ಸ್ವಲ್ಪ ಮುಜುಗರವಾಯಿತೆಂದು ಕಾಣುತ್ತದೆ. ಕುರ್ಚಿ ಹಾಕಿದರು, ನೀರು ಕೊಟ್ಟರು. "ಕತಿ ತಾನ ನಿಮಗ ಬೇಕಾಗಿದ್ದು? ಈಗ ಹೇಳಿಬಿಡ್ತೀನಿ. ಕೊನೀಗೆ ಅಣ್ಣ ತಾನ ಬಂದು…"

"ನಿಲ್ಲರಿ ನಿಲ್ಲರಿ!" ಎಂದು ನಾನು ಎದ್ದೇ ಬಿಟ್ಟೆ. "ಕತಿ ಕೇಳಾಕ ಬಂದಿಲ್ರಿ ನಾನು. ಕತಿ ನಮ್ಮವ್ವಾನೂ ಹೇಳ್ತಿದ್ಲು. ಸಣ್ಣಾಟಕ್ಕ ಕತಿ ಗೊತ್ತಿಲ್ಲದ ಯಾರರ ಹೋಗ್ತಾರೇನ್ರಿ? ಆಕೀ ಹೆಂಗ ಹಾಡ್ತಾಳ ಅದನ್ನ ಕೇಳಬೇಕು."

ಅವರು ಮತ್ತೆ ಪೈಪು ಎತ್ತಿಕೊಂಡರು. "ಬರ್ರಿ ಹಂಗಾದ್ರ. ಆದ್ರ ಬಾಯಿ ಮುಚಗೊಂಡು ಕುಂದರಬೇಕು."

"ಬಾಯಿ ಮುಚಗೊಂಡು ಕುಂದ್ರೂದು ನನಗ ಬರಂಗಿಲ್ಲಂತನ ಐದನೇ ಇಯತ್ತೆದಾಗ ಮಾಸ್ತರು ಹೊರಗ ನಿಂದ್ರಸಿದ್ರು. ಅವತ್ತ ಹೊರಗ ಹ್ವಾದಾವ ಹೊಳ್ಳಿ ಒಳಗ ಹೋಗಲಿಲ್ಲ. ಈಗ ಇಲ್ಲೂ ಅದನ್ನ ಹೇಳ್ತೀರಿ?"

ಇದನ್ನು ಹೇಳಬೇಕೆಂದು ನಾನು ಹೋಗಿರಲಿಲ್ಲ. ಬಾಯಿಗೆ ಬಂತು. ಅವರು ಪೈಪು ಕೈಯಲ್ಲಿ ಹಿಡಿದೇ ನಿಂತಿದ್ದರು, ನೀರು ಒಂದೇ ಗಿಡದ ಬುಡಕ್ಕೆ ಸುರಿಯುತ್ತಿತ್ತು.

"ನಿಮ್ಮ ಸಂಘದ ಸದಸ್ಯರಾಗಾಕ ಏನ್ ಮಾಡಬೇಕ್ರಿ?" ಎಂದೆ. "ರಸೀದಿ ಹರೀರಿ. ಎರಡು. ಒಂದು ನಂದು, ಒಂದು ನಮ್ಮ ಮನಿಯಾಕಿದು. ಸದಸ್ಯರಿಗೆ ಹೊಂಡ್ರಿ ಅನ್ನಾಕ ಬರಂಗಿಲ್ಲ ಅಂತ ತಿಳದೇನಿ."

ಕಾರ್ಯದರ್ಶಿ ರಸೀದಿ ಹರಿದರು. ಶಿಸ್ತಿನ ಮಾತು ಮತ್ತೊಮ್ಮೆ ಹೇಳಿಯೇ ಹರಿದರು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ನನ್ನ ಹೆಂಡತಿ ಆಗ ತವರಾದ ಬಿಜ್ಜರಗಿಯಲ್ಲಿದ್ದಳು. ಆಕೆಯ ಅಣ್ಣನ ತೋಟದ ದ್ರಾಕ್ಷಿ ಒಣಗಿ, ಆರಿಸುವ ಕೆಲಸ ನಡೆದಿತ್ತು. ಶನಿವಾರ ಮಧ್ಯಾಹ್ನವೇ ಅಂಗಡಿ ಮುಚ್ಚಿ ಕರೆತರಲು ಹೋದೆ. ತಿಕೋಟಾ ದಾಟಿ ಊರಿಗೆ ತಿರುಗುವ ಹೊತ್ತಿಗೆ ನನ್ನ ಸಿಟ್ಟಿನ ಕಥೆ ಹೇಗೆ ಹೇಳಬೇಕು ಎಂದು ಹೊಂದಿಸಿ ಇಟ್ಟುಕೊಂಡಿದ್ದೆ. ಬರುವಾಗ ಬೈಕಿನ ಹಿಂದೆ ಕುಳಿತು ಆಕೆ ಎಲ್ಲ ಕೇಳಿದಳು. ಮೊದಲು ಅಂದದ್ದು:

"ರಸೀದಿ ಮ್ಯಾಲ ನನ್ನ ಹೆಸರು ಬರಸೂಮುಂದ ನನ್ನೊಂದು ಮಾತು ಕೇಳಿದ್ರೇನು?"

"ನಿನಗ ಬ್ಯಾಡಾಗಿತ್ತೇನು?"

"ಬೇಕು ಬ್ಯಾಡ ಆಮ್ಯಾಲಿಂದು. ಕೇಳಿದ್ರೇನು ಅಂದೆ."

ನಾನು ಗೇರು ಬದಲಿಸಿದೆ. ರಸ್ತೆಯ ಎರಡೂ ಕಡೆ ಬೋಳು ದ್ರಾಕ್ಷಿ ಬಳ್ಳಿ, ಅಲ್ಲಲ್ಲಿ ನಾನೇ ನಿಲ್ಲಿಸಿದ ಕಂಬ. ಆಮೇಲೆ ಆಕೆಯೇ ಕೇಳಿದಳು.

"ಅಂಗಿ ಅಣ್ಣಂದು ಅಂತ ಗಂಡಗ ಹೇಳಿದ್ರ ಮುಗೀತಲ್ಲ?"

"ಅಂಗಿ ಅಲ್ಲ, ಕೋಟು. ಆಣಿ ಮಾಡ್ಯಾಳ. ಹೇಳಿದ್ರ ಅಣ್ಣ ಸಾಯ್ತಾನ."

"ಗಂಡ ಕೇಳಲೇ ಇಲ್ಲ?"

"ಇಲ್ಲ. ನೇರ ಪಂಚರ ಕಡೆ ಹ್ವಾದ."

"ಹಂಗಾರ ಹೇಳಬಾರದು," ಎಂದಳು. "ಆಣಿ ಇರಲಿ, ಇಲ್ಲದಿರಲಿ. ಕೇಳದಾವಗ ಏನ್ ಹೇಳೂದು?"

ಭಾನುವಾರ ನಾವಿಬ್ಬರೂ ಎಲ್ಲರಿಗಿಂತ ಮೊದಲೇ ಹೋಗಿ ಎರಡನೆಯ ಸಾಲಿನಲ್ಲಿ ಕುಳಿತೆವು. ಹೆಂಡತಿ ಇಳಕಲ್ ಸೀರೆ ಉಟ್ಟಿದ್ದಳು. ಕನ್ನಡಕದವನು ಬಂದು ನನ್ನನ್ನು ನೋಡಿ ಏನೋ ಹೇಳಲು ಹೋಗಿ, ಪಕ್ಕದಲ್ಲಿ ಆಕೆಯನ್ನು ನೋಡಿ ನುಂಗಿದ. ಕಾರ್ಯದರ್ಶಿ ನಮಸ್ಕಾರ ಮಾಡಿದರು. ನಾನೂ ಮಾಡಿದೆ. ಹಲ್ಲು ಕಚ್ಚಿಕೊಂಡು.

ಪಂಚರ ಮುಂದೆ ಆಕೆ ಬಾಯಿ ಬಿಡಲಿಲ್ಲ. ಮನೆ ಬಿಡು ಎಂದರು. ಮಗುವನ್ನು ಗಂಡನ ಕಡೆ ಬಿಡು ಎಂದರು. ಆಗ ಆಕೆ ಮಗುವಿಗೆ ಹಾಡಿದಳು. ಚಿಕ್ಕ ಹಾಡು, ಏರಿಳಿತವೇ ಇಲ್ಲ. ವಾದ್ಯಗಳೆಲ್ಲ ಒಂದೊಂದಾಗಿ ಬಿಟ್ಟುಕೊಟ್ಟವು, ಕೊನೆಗೆ ಆಕೆಯ ದನಿ ಒಂದೇ ಉಳಿಯಿತು. ಮೈಕು ಇಲ್ಲದೆ ಹಾಡುತ್ತಾರಂತೆ ಅವರು. ಅಷ್ಟು ಸಣ್ಣ ದನಿ ಅಷ್ಟು ದೊಡ್ಡ ಥಿಯೇಟರಿನ ಕಡೆಯ ಗೋಡೆ ಮುಟ್ಟುವುದೆಂದರೆ ಏನು. ಕೂಗು ನಾಲಿಗೆಯ ತುದಿಯವರೆಗೆ ಬಂತು. ಎರಡೂ ತೋಳು ಕಟ್ಟಿಕೊಂಡು, ಕಾಲಿನ ಬೆರಳು ಮಡಚಿ ಕುಳಿತೆ. ಹೆದರಿಕೆಯಿಂದ ಅಲ್ಲ. ಅವರಿಗೆ ಇನ್ನೊಂದು ನೆಪ ಕೊಡಬಾರದು ಎಂಬ ಹಟದಿಂದ.

ಹಾಡು ಮುಗಿದೊಡನೆ ಪರದೆಯ ಒಳಗಿನ ಥಿಯೇಟರಿನಲ್ಲಿ ಚಪ್ಪಾಳೆ ಎದ್ದಿತು. ಅದರ ನಡುವೆ ಮೇಲಿನ ಅಂತಸ್ತಿನಿಂದ ಯಾರೋ ಕೂಗಿದರು. ಇನ್ನೊಬ್ಬರು ಕೂಗಿದರು. ಆಮೇಲೆ ಹತ್ತಾರು ಜನ. "ಬಿಸ್! ಬಿಸ್! ಬಿಸ್!"

ಕತ್ತಲಲ್ಲಿ ನನ್ನ ಹೆಂಡತಿಯ ದನಿ, ಪಿಸುಮಾತು ಎಂದು ಆಕೆ ತಿಳಿದದ್ದು, ಇಡೀ ಕೋಣೆಗೆ ಕೇಳಿಸಿತು: "ಬಿಸಿ ಬಿಸಿ ಅಂತ ಒದರಾಕತ್ತಾರಲ್ರಿ! ಚಾ ಮಾರಾಕ ಬಂದಾರೇನು?"

ಕೋಣೆ ಬಿದ್ದು ಬಿದ್ದು ನಕ್ಕಿತು. ಈ ಸಲದ ನಗು ಬೇರೆ ಇತ್ತು, ನಾನೂ ನಕ್ಕೆ. ಕಾರ್ಯದರ್ಶಿ ಕೂಡ ಚಿತ್ರ ನಿಲ್ಲಿಸಿ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. "ಬಿಸಿ ಅಲ್ಲವ್ವಾ. ಬಿಸ್. ಅಂದ್ರ… ಅಂದ್ರ ಇನ್ನೊಮ್ಮೆ ಹಾಡ್ರಿ ಅಂತ ಅವರ ಕಡೆ ಹಂಗಂತಾರ."

ಹೇಳಿದ ಮೇಲೆ ಅವರಿಗೇ ಹೊಳೆಯಿತು ತಾವು ಹೇಳಿದ್ದೇನು ಎಂದು.

ನಾನು ಎದ್ದು ನಿಂತೆ. ಈ ಸಲ ಯಾರೂ ಎಬ್ಬಿಸಲಿಲ್ಲ. "ಅಂದ್ರ ಒನ್ಸ್ ಮೋರ್ ಅಂದಂಗಾತಲ್ರಿ?"

"ಹೌದು, ಒಂದು ಲೆಕ್ಕಕ್ಕ…"

"ಲೆಕ್ಕ ಬ್ಯಾಡ್ರಿ. ಹೌದೋ ಅಲ್ಲೋ? ಸೂಟು ಬೂಟು ಹಾಕ್ಕೊಂಡು ಅವರು ಒದರಿದ್ರ ರಸಿಕರು. ಹತ್ತಿ ಅಂಗಿ ಹಾಕ್ಕೊಂಡು ನಾ ಒದರಿದ್ರ ಬಯಲಾಟದಾವ. ಇಂಥಾದ್ದು ಎಲ್ಲಾರಿಗೂ ಅಲ್ಲ ಅಂದ್ರಿ. ಯಾರಿಗೈತಿ ಮತ್ತ ಇದು? ಅಲ್ಲಿ ಒದರಾವ್ರಿಗೆ ಐತೋ, ಇಲ್ಲಿ ಸುಮ್ಮ ಕುಂತಾವ್ರಿಗೆ ಐತೋ?"

ಕಾರ್ಯದರ್ಶಿ ರಿಮೋಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ಅವತ್ತ ನಾ ಹಂಗ ಅನಬಾರದಿತ್ತು," ಎಂದರು. ಜೋರಾಗಿ ಅನ್ನಲಿಲ್ಲ, ಆದರೆ ಅಂದರು. ಆಮೇಲೆ, "ಮುಂದ ಹಚ್ಚಲೇನು?" ಎಂದು ಕೇಳಿದರು. ನನ್ನನ್ನೇ ನೋಡಿ ಕೇಳಿದರು.

"ಹಚ್ಚರಿ," ಎಂದೆ.

ಇಲ್ಲಿಗೆ ನನ್ನ ಸಿಟ್ಟು ಇಳಿಯಬೇಕಿತ್ತು. ಇಳಿಯುತ್ತಿತ್ತೇನೋ, ಆ ನಾಟಕದವನು ಕೊನೆಯನ್ನು ಹಾಗೆ ಬರೆಯದಿದ್ದರೆ. ಆಗುವುದೇನು? ತಂಗಿಯ ಗತಿ ಕೇಳಿ ಅಣ್ಣ ತಾನೇ ಬಂದು ಸಿಪಾಯಿಗಳ ಮುಂದೆ ನಿಲ್ಲುತ್ತಾನೆ. ಕೋಟು ನನ್ನದು ಎನ್ನುತ್ತಾನೆ. ಅಷ್ಟರಲ್ಲಿ ರಾಜನಿಂದ ಮಾಫಿ ಬಂದೇ ಬಿಡುತ್ತದೆ, ಬಸ್ಸು ಬಂದ ಹಾಗೆ. ಗಂಡ ಮುಂದೆ ಬಂದು ಎರಡೇ ಸಾಲು ಹಾಡುತ್ತಾನೆ: ನನಗೆ ಈಗ ತಿಳಿಯಿತು, ನಡೆ ಮನೆಗೆ. ಎರಡು ಸಾಲು! ಆಕೆಗೆ ಎರಡು ತಾಸು ಹಾಡುವಷ್ಟು ದುಃಖ ಕೊಟ್ಟವನಿಗೆ ಎರಡು ಸಾಲು. ಆಮೇಲೆ ಊರೆಲ್ಲ ಕೂಡಿ ಕುಣಿಯುವಂಥ ಹಾಡು, ಡೋಲು, ತುತ್ತೂರಿ, ಪರದೆ ಬೀಳುತ್ತದೆ.

ಲೈಟು ಹತ್ತಿತು. ಚಿತ್ರ ಮುಗಿದ ಮೇಲೆ ಅನಿಸಿಕೆ ಹೇಳುವುದು ಅವರ ರೂಢಿ. ಒಬ್ಬರು ದೃಶ್ಯ ಅದ್ಭುತ ಎಂದರು. ಇನ್ನೊಬ್ಬರು ವಾದ್ಯವೃಂದ ಅಮೋಘ ಎಂದರು. ಕನ್ನಡಕದವನು, ಸುಖಾಂತವೇ ಈ ಪ್ರಕಾರದ ಸೊಗಸು, ಕೊನೆಯ ಹಾಡಿನಲ್ಲಿ ಕ್ಷಮೆಯ ಬೆಳಕು ಇದೆ ಎಂದ. ನನಗೆ ತಡೆಯಲಾಗಲಿಲ್ಲ.

"ಯಾರು ಯಾರಿಗೆ ಕ್ಷಮಾ ಮಾಡಿದ್ರು? ಅಂವ ತಪ್ಪಾತು ಅಂತ ಅಂದನೇನು? ಈಗ ತಿಳೀತು ಅಂದ. ಏನ್ ತಿಳೀತು? ಅಣ್ಣ ಹೇಳಿದ ಮ್ಯಾಲ ತಿಳೀತು, ರಾಜ ಹೇಳಿದ ಮ್ಯಾಲ ತಿಳೀತು. ಆಕೀನ ಕೇಳಿ ತಿಳಕೊಂಡನೇನು? ಅವತ್ತೂ ಕೇಳಲಿಲ್ಲ, ಇವತ್ತೂ ಕೇಳಲಿಲ್ಲ. ಬರದಾವನ್ನ ಎಲ್ಲಾರೂ ಯಾಕ ಮರತಿದ್ರು ಅಂತ ಈಗ ನನಗ ತಿಳೀತು ನೋಡ್ರಿ. ಅಷ್ಟು ಛಲೋ ಹಾಡು ಕೊಟ್ಟು ಕೊನೀಗೆ ಆಕೀನ ಮಾರಿಬಿಟ್ಟ."

"ನೀವು ತಪ್ಪು ತಿಳಕೊಂಡೀರಿ," ಎಂದು ಕನ್ನಡಕದವನು ತಿರುಗಿ ಕುಳಿತ. "ಆ ಕಾಲದ ಪದ್ಧತಿ ಹಂಗಿತ್ತು. ಕೊನೀಗೆ ಮಂಗಳ ಆಗಬೇಕು. ನಿಮ್ಮ ಸಣ್ಣಾಟದಾಗೂ ಮಂಗಳ ಹಾಡಂಗಿಲ್ಲೇನು?"

"ಮಂಗಳ ಹಾಡೂದು ದೇವರಿಗಿ. ಗಂಡಗ ಅಲ್ಲ."

"ಆದ್ರ ಆಕೀ ನಗಾಕತ್ತಾಳಲ್ರಿ ಕೊನೀಗೆ! ಎಲ್ಲಾರ ಜೋಡಿ ಹಾಡ್ತಾಳ, ಖುಷಿಯಾಗ್ಯಾಳ."

"ಹಾಡಲಿಲ್ಲ," ಎಂದಳು ನನ್ನ ಹೆಂಡತಿ.

ಎಲ್ಲರೂ ಆಕೆಯ ಕಡೆ ನೋಡಿದರು. ನಾನೂ ನೋಡಿದೆ. ನಾನು ಸಿಟ್ಟಿನಲ್ಲಿ ಆ ಗಂಡನ ಮುಖವನ್ನೇ ನೋಡುತ್ತ ಕುಳಿತಿದ್ದವನು.

"ಕೊನೀ ಹಾಡಿನ ಪಲ್ಲವಿ ಮೊದಲ ಎರಡು ಸಲ ಹಾಡಿದ್ಲು," ಎಂದಳು. "ಗಂಡ ಬಂದು ಬಾಜೂಕ ನಿಂತು ಕೈ ಹಿಡದ ಮ್ಯಾಲ ಎಲ್ಲಾರೂ ಅದನ್ನ ಹಾಡಾಕತ್ರು. ಆಕೀ ತುಟಿ ಬಿಚ್ಚಲಿಲ್ಲ. ನಗು ಮಾರಿ ಮ್ಯಾಲ ಇತ್ತು, ಹಾಡು ಇರಲಿಲ್ಲ. ಆ ಕ್ಯಾಮೆರಾದಾವ ತೋರಸ್ಯಾನ, ನೀವ್ಯಾರೂ ನೋಡಿಲ್ಲ."

ಕಾರ್ಯದರ್ಶಿ ಹುಬ್ಬು ಗಂಟು ಹಾಕಿದರು. "ಅದು… ಅಷ್ಟೊತ್ತು ಹಾಡಿ ಗಾಯಕಿ ದಣದಿರಬೇಕವ್ವಾ. ಗುಂಪಿನ್ಯಾಗ ಒಂದೀಟು ದನಿಗೆ ಆರಾಮ ಕೊಡ್ತಾರ."

"ದಣದ ಹೆಣ್ಮಗಳ ಮಾರಿ ಹೆಂಗಿರತೈತಿ ಅಂತ ನನಗ ಹೇಳಬ್ಯಾಡ್ರಿ ಸಾಹೇಬ್ರ. ಅದು ಬ್ಯಾರೆ, ಇದು ಬ್ಯಾರೆ."

ಅಲ್ಲಿಂದ ಹತ್ತಿಕೊಂಡಿತು ನೋಡಿ. ಕನ್ನಡಕದವನು ಬರೆದವನ ಮಾತೇ ಕೊನೆಯ ಮಾತು ಎಂದ. ಒಬ್ಬ ಮುದುಕರು, ಇಲ್ಲ, ಆಡುವವಳು ಬರೆದವನ ಮೇಲೆಯೇ ಸೇಡು ತೀರಿಸಿಕೊಂಡಿದ್ದಾಳೆ ಎಂದರು. ಕಾರ್ಯದರ್ಶಿ ನಿರ್ದೇಶಕನ ಕೈವಾಡ ಇರಬಹುದು ಎಂದರು. ಕೋಣೆ ಖಾಲಿ ಮಾಡುವ ಹೊತ್ತಾಯಿತು ಎಂದು ಕೆಳಗಿನ ಕಾವಲುಗಾರ ಬಂದು ಕೀಲಿಕೈ ಅಲ್ಲಾಡಿಸಿದ. ಮೆಟ್ಟಿಲ ಮೇಲೂ ಜಗಳ. ಎದುರಿನ ಚಹಾದ ಅಂಗಡಿಯಲ್ಲೂ ಜಗಳ. ಕನ್ನಡಕದವನು ಬಶಿಯಲ್ಲಿ ಚಹಾ ಸುರಿದುಕೊಳ್ಳುವುದನ್ನೂ ಮರೆತು ನನ್ನ ಮುಖಕ್ಕೆ ಬೆರಳು ಮಾಡಿ ಕೂಗಾಡಿದ. ನಾನೂ ಬಿಡಲಿಲ್ಲ. ನಿಮಗೆ ಸಂಗೀತ ತಿಳಿಯುವುದಿಲ್ಲ ಎಂದ, ನಿನಗೆ ಸಂಸಾರ ತಿಳಿಯುವುದಿಲ್ಲ ಎಂದೆ. ಒಬ್ಬರೂ ನನಗೆ ಹೊಂಡ್ರಿ ಎನ್ನಲಿಲ್ಲ. ನಾನು ಹೋಗಲು ಎದ್ದರೆ ಅವನೇ ತೋಳು ಹಿಡಿದು, "ಕುಂದರ್ರಿ, ಮಾತು ಮುಗದಿಲ್ಲ" ಎಂದು ಕೂರಿಸಿದ.

ಮನೆಗೆ ಹೊರಟಾಗ ಹೆಂಡತಿಗೆ ಹೇಳಿದೆ, ಆಕೆ ತುಟಿ ಬಿಚ್ಚದಿದ್ದರೆ ಏನಾಯಿತು, ಅವನ ಮನೆಗೆ ಹೋದಳಲ್ಲ, ನಾನಾಗಿದ್ದರೆ ಹೋಗುತ್ತಿರಲಿಲ್ಲ ಎಂದು.

"ಪರದಿ ಬಿತ್ತು," ಎಂದಳು. "ಹ್ವಾದ್ಲು ಅಂತ ನಿಮಗ್ಯಾರ್ ಹೇಳಿದ್ರು?"

ಅದಕ್ಕೂ ನನಗೆ ಸಿಟ್ಟು ಬಂತು. ಬೈಕಿಗೆ ಜೋರಾಗಿ ಕಿಕ್ ಹೊಡೆದೆ.